ಮನೆ ಸೋಪಿನ ಹಸಿರು ಯಾಕೆ ನಿಲ್ಲಲ್ಲ, ನಿಲ್ಲಿಸೋದು ಹೇಗೆ?

"ಬೇವಿನ ಎಲೆ ಅರೆದು ಹಾಕಿ ಸೋಪು ಮಾಡಿದೆ. ಮೊದಲ ದಿನ ಗಿಣಿ ಹಸಿರು. ತಿಂಗಳು ತುಂಬೋದ್ರೊಳಗೆ ಒಣ ಸಗಣಿ ಬಣ್ಣ. ಎಲ್ಲಿ ತಪ್ಪಿದೆ?"

ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗೋದಿಲ್ಲ. ಒಬ್ಬರದು ಬೇವು, ಇನ್ನೊಬ್ಬರದು ನುಗ್ಗೆ ಸೊಪ್ಪು, ಮತ್ತೊಬ್ಬರದು ತುಳಸಿ. ಎಲ್ಲರಿಗೂ ಒಂದೇ ಸಲ ಉತ್ತರ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಕೈಯಲ್ಲಿ ತಪ್ಪಿಲ್ಲ. ಎಲೆಯ ಹಸಿರು ಸೋಪಿನಲ್ಲಿ ಬಾಳುವ ಬಣ್ಣವೇ ಅಲ್ಲ. ಹಸಿರು ನಿಲ್ಲಬೇಕಾದರೆ ನೀಲಿ ಒಂದು ಕಡೆಯಿಂದ, ಹಳದಿ ಒಂದು ಕಡೆಯಿಂದ ತಂದು ನಾವೇ ಹಸಿರು ಕಲಸಿಕೊಳ್ಳಬೇಕು. ಶಾಲೆಯಲ್ಲಿ ಬಣ್ಣದ ಡಬ್ಬಿ ಹಿಡಿದು ಮಾಡಿದ್ದೆವಲ್ಲ, ಅದೇ ಕೆಲಸ.

ಎಲೆ ಹಸಿರಿಗೆ ಏನಾಗುತ್ತದೆ?

ಎಲೆಗೆ ಬಣ್ಣ ಕೊಡೋದು ಕ್ಲೋರೋಫಿಲ್, ಅಂದ್ರೆ ಪತ್ರಹರಿತ್ತು. ಅದರ ನಟ್ಟನಡುವೆ ಮೆಗ್ನೀಸಿಯಂನ ಒಂದು ಕಣ ಕೂತಿರುತ್ತದೆ. ಹುಳಿ ತಾಕಿದರೆ ಆ ಕಣ ಜಾರಿಹೋಗುತ್ತದೆ, ಹಸಿರು ಮಂಕಾಗುತ್ತದೆ. ಪಾಲಕ್ ಬೇಯುವಾಗ ಹುಣಸೆ ರಸ ಬಿಟ್ಟು ನೋಡಿ, ಗೊತ್ತಾಗುತ್ತದೆ. ಅದೇ ಸೊಪ್ಪಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರು ಇನ್ನೂ ಎದ್ದು ಕಾಣುತ್ತದೆ. ಸೋಪು ಈ ಸೋಡಾದ ಪಕ್ಷ, ಕ್ಷಾರ. ಅದಕ್ಕೇ ಮೊದಲ ದಿನ ಗಿಣಿ ಹಸಿರು ಬರೋದು. ನಾವು ಮೋಸ ಹೋಗೋದೂ ಅಲ್ಲೇ.

ಆಮೇಲೆ ಬೆಳಕು ಮತ್ತು ಗಾಳಿ ತಮ್ಮ ಕೆಲಸ ಶುರು ಮಾಡುತ್ತವೆ. ಬೆಳಕು ಬಿದ್ದಲ್ಲೆಲ್ಲ ಕ್ಲೋರೋಫಿಲ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ. ಎಲೆಯಲ್ಲಿರುವ ಒಗರಿನ ಅಂಶ ಕ್ಷಾರದಲ್ಲಿ ಕಂದಾಗುತ್ತದೆ. ಹಸಿರು ಹೋಯ್ತು, ಕಂದು ಉಳೀತು. ಸಗಣಿ ಬಣ್ಣದ ಕಥೆ ಇಷ್ಟೇ.

ಮಣ್ಣಿನ ಬಣ್ಣ ಹೀಗಲ್ಲ. ಸಂಡೂರು ಕಡೆಯ ಕೆಮ್ಮಣ್ಣು ನೋಡಿ, ಅದು ಕಬ್ಬಿಣದ ಬಣ್ಣ. ಬಿಸಿಲಿಗೂ ಜಗ್ಗಲ್ಲ, ಕ್ಷಾರಕ್ಕೂ ಜಗ್ಗಲ್ಲ. ಕೆಂಪು ಬೇಕಾದರೆ ನಮ್ಮ ನೆಲ ಧಾರಾಳವಾಗಿ ಕೊಡುತ್ತದೆ. ಹಸಿರು ಕೇಳಿದರೆ ಮಾತ್ರ ಕೈ ಎತ್ತಿಬಿಡುತ್ತದೆ.

ಯಾವುದು ನಿಲ್ಲುತ್ತದೆ, ಯಾವುದು ಇಲ್ಲ

ಬೇವು, ನುಗ್ಗೆ, ತುಳಸಿ, ಪಾಲಕ್, ಸ್ಪಿರುಲಿನಾ ಪುಡಿ: ಎಲ್ಲದರ ಹಸಿರೂ ಕ್ಲೋರೋಫಿಲ್ಲೇ. ಕೆಲವು ಬೇಗ ಹೋಗುತ್ತವೆ, ಕೆಲವು ನಿಧಾನಕ್ಕೆ. ಮೆಹಂದಿ ಪುಡಿ ಹಾಕಿದರೆ ನೇರವಾಗಿ ಕಂದೇ.

ಹಸಿರು ಜೇಡಿ, ಅಂಗಡಿಯಲ್ಲಿ ಫ್ರೆಂಚ್ ಗ್ರೀನ್ ಕ್ಲೇ ಅಂತ ಸಿಗುತ್ತದೆ. ನಿಲ್ಲುತ್ತದೆ. ಆದರೆ ತುಂಬ ತೆಳು, ಬೂದಿ ಬೆರೆತ ಹಸಿರು. ಒಂಟಿಯಾಗಿ ಹಾಕಿದರೆ ನಿಮಗೆ ಸಮಾಧಾನ ಆಗಲಿಕ್ಕಿಲ್ಲ. ಜೊತೆಗಾರನಾಗಿ ಚೆನ್ನ.

ಕಾಪರ್ ಕ್ಲೋರೋಫಿಲಿನ್ ಅಂತ ಒಂದಿದೆ. ಕ್ಲೋರೋಫಿಲ್‌ನಲ್ಲಿ ಮೆಗ್ನೀಸಿಯಂ ತೆಗೆದು ಆ ಜಾಗಕ್ಕೆ ತಾಮ್ರ ಕೂರಿಸಿದ್ದು. ತಿನ್ನುವ ಪದಾರ್ಥಗಳಿಗೂ ಇ141 ಎಂಬ ಸಂಖ್ಯೆಯಲ್ಲಿ ಬಳಸುತ್ತಾರೆ. ಎಲೆ ಹಸಿರಿಗಿಂತ ಎಷ್ಟೋ ಗಟ್ಟಿ, ಚಿಟಿಕೆ ಸಾಕು. ಆದರೆ ಅದು ಕಾರ್ಖಾನೆಯಲ್ಲಿ ಬದಲಾದ ಪದಾರ್ಥ. ಬಳಸಿದರೆ ತಪ್ಪೇನಿಲ್ಲ, "ನೂರಕ್ಕೆ ನೂರು ನೈಸರ್ಗಿಕ" ಅಂತ ಬರೆಯಬೇಡಿ ಅಷ್ಟೇ.

ಉಳಿದದ್ದು ಇಂಡಿಗೊ, ನೀಲಿ ಗಿಡದ ಬಣ್ಣ. ನನ್ನ ಮತ ಇದಕ್ಕೇ. ಬಳ್ಳಾರಿ ಜೀನ್ಸ್ ಗೊತ್ತಲ್ಲ? ಆ ಪ್ಯಾಂಟಿನ ನೀಲಿಯೂ ಇಂಡಿಗೊವೇ. ಈಗ ಅದನ್ನು ಕಾರ್ಖಾನೆಯಲ್ಲಿ ಮಾಡುತ್ತಾರೆ, ಬಣ್ಣದ ಅಣು ಮಾತ್ರ ಗಿಡದ್ದೇ. ಉಜ್ಜಿದರೆ ಸವೆಯುತ್ತದೆ, ಆದರೆ ಸೋಪಿನ ಕ್ಷಾರಕ್ಕೆ ಹೆದರೋದಿಲ್ಲ. ಇದಕ್ಕೆ ಹಳದಿ ಸೇರಿಸಿದರೆ ಹಸಿರು.

ಹಳದಿ ಅಂದ ಕೂಡಲೇ ಅರಿಶಿನ ನೆನಪಾಗುತ್ತದೆ. ಬೇಡ. ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆ? ಆರತಿ ತಟ್ಟೆಯ ಕೆಂಪು ನೀರು! ಸೋಪಿನಲ್ಲೂ ಅದೇ ಆಟ. ಮೊದಲು ಕೆಂಪಾಗುತ್ತದೆ, ವಾರಗಳು ಕಳೆದಂತೆ ಮಾಸಲು ಹಳದಿಗೆ ಇಳಿಯುತ್ತದೆ, ಬೆಳಕಿಗೆ ಇನ್ನೂ ಪೇಲವ ಆಗುತ್ತದೆ. ಇದು ಗೊತ್ತಿಲ್ಲದೆ ನಾನೊಮ್ಮೆ ಒಂದಿಡೀ ಅಚ್ಚು ಕೆಟ್ಟೋಯ್ತು ಅಂತ ಎಸೆದಿದ್ದೆ. ಅದರ ಬದಲು ಅನ್ನಾಟೊ ಬೀಜ ತೊಗೊಳ್ಳಿ. ಲಿಪ್‌ಸ್ಟಿಕ್ ಗಿಡ ಅಂತ ನರ್ಸರಿಯವರು ಕರೀತಾರಲ್ಲ, ಮುಳ್ಳುಮುಳ್ಳು ಕಾಯೊಳಗೆ ಕೆಂಪು ಬೀಜ, ಅದು. ಎಣ್ಣೆಯಲ್ಲಿ ಬಣ್ಣ ಬಿಡುತ್ತದೆ, ಅರಿಶಿನಕ್ಕಿಂತ ಗಟ್ಟಿ.

ಮೂರು ವಸ್ತುಗಳ ಕಡೆ ತಲೆ ಹಾಕಿಯೂ ಮಲಗಬೇಡಿ. ಒಂದು, ರಂಗೋಲಿ ಮತ್ತು ಹೋಳಿ ಬಣ್ಣ. ಅವು ಮೈಗೆ ಹಚ್ಚುವ ಸೋಪಿಗಲ್ಲ. ಎರಡು, ಬಟ್ಟೆಗೆ ಹಾಕುವ ನೀಲಿ. ಹೆಸರು ನೀಲಿ ಅಂತಿದ್ದರೂ ಅದು ಇಂಡಿಗೊ ಅಲ್ಲ. ಮೂರು, ಮೈಲುತುತ್ತ. ಕೊಪ್ಪಳ ಕಡೆ ದಾಳಿಂಬೆ, ದ್ರಾಕ್ಷಿ ತೋಟ ಇರುವ ಮನೆಗಳಲ್ಲಿ ಬೋರ್ಡೊ ದ್ರಾವಣಕ್ಕೆ ತಂದಿಟ್ಟಿರುತ್ತಾರೆ. ನೀಲಿ ಹರಳು ನೋಡಲಿಕ್ಕೆ ಚೆಂದ, ಆದರೆ ಅದು ತಾಮ್ರದ ಉಪ್ಪು. ಮೈಗೂ ಕೆಟ್ಟದ್ದು, ಸೋಪಿನ ಎಣ್ಣೆಯೂ ಬೇಗ ಕಮಟಾಗುತ್ತದೆ.

ಏನೇನು ಬೇಕು

ಅರ್ಧ ಕಿಲೋ ಎಣ್ಣೆಯ ಲೆಕ್ಕ ಇದು. ಎಲ್ಲವೂ ತೂಕದಲ್ಲಿ, ಲೋಟದ ಅಳತೆಯಲ್ಲಿ ಅಲ್ಲ.

- ಕೊಬ್ಬರಿ ಎಣ್ಣೆ 200 ಗ್ರಾಂ
- ಶೇಂಗಾ ಎಣ್ಣೆ 250 ಗ್ರಾಂ (ಇದರಲ್ಲೇ 30 ಗ್ರಾಂ ಅನ್ನಾಟೊ ಬಣ್ಣದ ಎಣ್ಣೆ)
- ಹರಳೆಣ್ಣೆ 50 ಗ್ರಾಂ
- ಕಾಸ್ಟಿಕ್ ಸೋಡಾ 72 ಗ್ರಾಂ
- ನೀರು 145 ಗ್ರಾಂ
- ಇಂಡಿಗೊ ಪುಡಿ ಕಾಲು ಟೀ ಚಮಚ
- ಹಸಿರು ಜೇಡಿ 2 ಟೀ ಚಮಚ (ಇದ್ದರೆ)

ಕಾಸ್ಟಿಕ್ ಸೋಡಾದ ಈ ಲೆಕ್ಕದಲ್ಲಿ ಸುಮಾರು 6 ಶೇಕಡ ಎಣ್ಣೆ ಸೋಪಾಗದೆ ಉಳಿಯುತ್ತದೆ. ಚರ್ಮ ಒಣಗದಿರಲಿ ಅಂತ ಬೇಕೆಂದೇ ಬಿಟ್ಟದ್ದು. ಎಣ್ಣೆ ಬದಲಾಯಿಸಿದರೆ ಸೋಡಾದ ತೂಕವೂ ಬದಲಾಗುತ್ತದೆ. "ಶೇಂಗಾ ಎಣ್ಣೆ ಕಡಿಮೆ ಇತ್ತು, ಕೊಬ್ಬರಿ ಎಣ್ಣೆ ಜಾಸ್ತಿ ಹಾಕಿದೆ" ಅಂತ ಮಾತ್ರ ಮಾಡಬೇಡಿ. ಪ್ರತಿ ಎಣ್ಣೆ ಕುಡಿಯುವ ಸೋಡಾ ಬೇರೆ ಬೇರೆ. 1 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 0.183 ಗ್ರಾಂ ಬೇಕಾದರೆ ಶೇಂಗಾ ಎಣ್ಣೆಗೆ 0.136 ಸಾಕು.

ಗಾಣದ ಶೇಂಗಾ ಎಣ್ಣೆಯ ಹಳದಿ ಛಾಯೆ ನಮಗೆ ಲಾಭವೇ, ನೀಲಿಯನ್ನು ಹಸಿರಿನ ಕಡೆ ಎಳೆಯುತ್ತದೆ. ಕುಸುಬೆ, ಸೂರ್ಯಕಾಂತಿ ಎಣ್ಣೆ ಮನೆಯಲ್ಲಿದೆ ಅಂತ ಅದರಲ್ಲೇ ಮಾಡಲು ಹೊರಡಬೇಡಿ. ಸೋಪು ಮೆತ್ತಗಾಗುತ್ತದೆ, ಬೇಗ ಕಮಟು ಹಿಡಿಯುತ್ತದೆ. ಆಗ ಬೀಳುವ ಕಿತ್ತಳೆ ಚುಕ್ಕೆಗಳು ಎಂಥ ಹಸಿರನ್ನೂ ಕೆಡಿಸುತ್ತವೆ.

ಕಾಸ್ಟಿಕ್ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ, ಅಡುಗೆ ಸೋಡಾ ಬೇರೆ. ಪೊಟ್ಟಣದ ಮೇಲೆ ಸೋಡಿಯಂ ಹೈಡ್ರಾಕ್ಸೈಡ್ ಅಂತ ಇರಬೇಕು. ಮೋರಿ ಕಟ್ಟಿದ್ದು ಬಿಡಿಸುವ ಪುಡಿ ಬೇಡ, ಅದರಲ್ಲಿ ಬೇರೆ ಬೆರಕೆ ಇರಬಹುದು.

ನೀರಿನ ವಿಷಯ ಸ್ವಲ್ಪ ನಿಂತು ಹೇಳಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಗಳಲ್ಲಿ ಬಹಳ ಕಡೆ ಬೋರ್ ನೀರು ಗಡಸು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ನೀರು ಸೋಪಿಗೆ ಬೇಡವೇ ಬೇಡ. ಅದರಲ್ಲಿ ಕಬ್ಬಿಣದ ಅಂಶ ಇದ್ದರೆ ಸೋಪು ಬೇಗ ಕಮಟಾಗುತ್ತದೆ, ಬಣ್ಣವೂ ಕೆಡುತ್ತದೆ. ಡಿಸ್ಟಿಲ್ಡ್ ವಾಟರ್ ಒಳ್ಳೆಯದು. ಬ್ಯಾಟರಿಗೆ ಹಾಕುವ ನೀರು ಅಂತ ಕೇಳಿದರೆ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಅಲ್ಲೇ ಪಕ್ಕದಲ್ಲಿ ಬ್ಯಾಟರಿ ಆಸಿಡ್ ಕೂಡ ಇಟ್ಟಿರುತ್ತಾರೆ, ಲೇಬಲ್ ಎರಡು ಸಲ ಓದಿ. ಸಿಗದಿದ್ದರೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು ನಡೆಯುತ್ತದೆ.

ಇಂಡಿಗೊ ಕೊಳ್ಳುವಾಗಲೂ ಗೊಂದಲ ಇದೆ. ತಲೆಗೂದಲಿಗೆ ಅಂತ ಮಾರುವುದು ನೀಲಿ ಗಿಡದ ಒಣ ಎಲೆಯ ಪುಡಿ, ನೋಡಲಿಕ್ಕೆ ಹಸಿರಾಗಿರುತ್ತದೆ. ಅದರಿಂದ ಬರೋದು ಬೂದು ಬೆರೆತ ಬಣ್ಣ, ಒಂದು ಸಲ ಬಂದಂತೆ ಇನ್ನೊಂದು ಸಲ ಬರಲ್ಲ. ನಮಗೆ ಬೇಕಾದ್ದು ಬಟ್ಟೆಗೆ ಬಣ್ಣ ಹಾಕುವವರು ಬಳಸುವ ಕಡುನೀಲಿ ಪುಡಿ ಅಥವಾ ಉಂಡೆ. ಬೆರಳಿಗೆ ಅಂಟಿದರೆ ಕಡುನೀಲಿಯಾಗಿ ಕಾಣಬೇಕು.

ಪಾತ್ರೆಗಳು: ಸ್ಟೀಲ್ ಅಥವಾ ಗಟ್ಟಿ ಪ್ಲಾಸ್ಟಿಕ್. ಅಲ್ಯೂಮಿನಿಯಂ ಖಂಡಿತ ಬೇಡ, ಕಾಸ್ಟಿಕ್ ಅದನ್ನು ತಿಂದು ಬೆಂಕಿ ಹತ್ತುವ ಗ್ಯಾಸ್ ಬಿಡುತ್ತದೆ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಹ್ಯಾಂಡ್ ಬ್ಲೆಂಡರ್, ಬಟರ್ ಪೇಪರ್ ಹಾಸಿದ ಡಬ್ಬಿ ಅಥವಾ ಸಿಲಿಕಾನ್ ಅಚ್ಚು. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಗಾಗಲ್ಸ್. ಮಾಮೂಲಿ ಕನ್ನಡಕ ಸಾಲದು, ಬದಿಯಿಂದ ಸಿಡಿದರೆ ತಡೆಯಲ್ಲ.

ಮಾಡುವ ಕ್ರಮ

1. ಹಳದಿ ಎಣ್ಣೆ (ಹಿಂದಿನ ದಿನ)

100 ಗ್ರಾಂ ಶೇಂಗಾ ಎಣ್ಣೆಗೆ 2 ಟೇಬಲ್ ಚಮಚ ಅನ್ನಾಟೊ ಬೀಜ ಹಾಕಿ. ಬೋಗುಣಿಯನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಸಣ್ಣ ಉರಿಯಲ್ಲಿ ಒಂದು ಗಂಟೆ ಬಿಡಿ. ನೇರ ಬೆಂಕಿಗಿಟ್ಟರೆ ಬೀಜ ಸೀದು ಎಣ್ಣೆ ಕಂದಾಗುತ್ತದೆ. ಎಣ್ಣೆ ದಟ್ಟ ಕಿತ್ತಳೆ ಆದ ಮೇಲೆ ಬಟ್ಟೆಯಲ್ಲಿ ಸೋಸಿ. ಇದರಲ್ಲಿ 30 ಗ್ರಾಂ ಈ ಸಲಕ್ಕೆ, ಉಳಿದದ್ದನ್ನು ಬಾಟಲಿಗೆ ತುಂಬಿ ಕತ್ತಲಲ್ಲಿಡಿ.

2. ನೀಲಿ ಅರೆಯುವುದು

ಇಡೀ ಕೆಲಸದಲ್ಲಿ ತಾಳ್ಮೆ ಕೇಳುವ ಹಂತ ಇದೇ. ಇಂಡಿಗೊ ನೀರಲ್ಲೂ ಕರಗಲ್ಲ, ಎಣ್ಣೆಯಲ್ಲೂ ಕರಗಲ್ಲ. ನುಣ್ಣಗೆ ಹರಡಬೇಕಷ್ಟೇ. ಹರಡದಿದ್ದರೆ ಹಸಿರು ಸೋಪಿನಲ್ಲಿ ನೀಲಿ ಚುಕ್ಕೆಗಳು, ಥೇಟ್ ಶಾಯಿ ಪೆನ್ನು ಒದರಿದ ಹಾಗೆ.

ತೂಗಿಟ್ಟ ಹರಳೆಣ್ಣೆಯಿಂದಲೇ ಒಂದು ಟೇಬಲ್ ಚಮಚ ತೆಗೆದು ಸಣ್ಣ ಬಟ್ಟಲಿಗೆ ಹಾಕಿ. ಕಾಲು ಟೀ ಚಮಚ ಇಂಡಿಗೊ ಸೇರಿಸಿ. ಚಮಚದ ಬೆನ್ನಿನಿಂದ ಬಟ್ಟಲಿನ ಗೋಡೆಗೆ ಒತ್ತಿ ಒತ್ತಿ ಅರೆಯಿರಿ. ಐದು ನಿಮಿಷ ಆದ ಮೇಲೆ ಬಿಳಿ ತಟ್ಟೆಯ ಮೇಲೆ ಒಂದು ಹನಿ ಇಟ್ಟು ಬೆರಳಿನಿಂದ ಎಳೆಯಿರಿ. ಎಳೆದ ಗೆರೆಯಲ್ಲಿ ಕಪ್ಪು ಕಾಳು ಕಂಡರೆ ಇನ್ನೂ ಅರೆಯಬೇಕು. ಗೆರೆ ಪೂರ್ತಿ ಒಂದೇ ನೀಲಿ ಆದರೆ ಚಹಾ ಸೋಸುವ ಜಾಲರಿಯಲ್ಲಿ ಸೋಸಿಕೊಳ್ಳಿ. ಜಾಲರಿಯನ್ನು ಮತ್ತೆ ಚಹಾಕ್ಕೆ ಬಳಸಬೇಡಿ.

ಇದೇ ಬಟ್ಟಲಿಗೆ ಈಗ ಅನ್ನಾಟೊ ಎಣ್ಣೆ ಒಂದೊಂದೇ ಚಮಚ ಹಾಕಿ ಕಲಸಿದರೆ ನೀಲಿ ಕಣ್ಣೆದುರೇ ಹಸಿರಾಗುತ್ತದೆ. ನನಗಂತೂ ಇವತ್ತಿಗೂ ಇದು ನೋಡಲಿಕ್ಕೆ ಖುಷಿ.

3. ಕಾಸ್ಟಿಕ್ ನೀರು

ಬೆಳಗಿನ ಜಾವ ಮಾಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮಧ್ಯಾಹ್ನ ಮಾಡಿದರೆ ಯಾವುದೂ ತಣ್ಣಗಾಗಲ್ಲ. ಮಕ್ಕಳು, ಬೆಕ್ಕು, ನಾಯಿ ಯಾರೂ ಹತ್ತಿರ ಇರಬಾರದು.

ನೀರಿಗೆ ಸೋಡಾ ಹಾಕಬೇಕು. ಸೋಡಾಕ್ಕೆ ನೀರು ಸುರಿಯಬಾರದು, ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ಒಲೆ ಇಲ್ಲದೆಯೇ ನೀರು ಕೈ ಮುಟ್ಟಲಾರದಷ್ಟು ಬಿಸಿ ಆಗುತ್ತದೆ, ಘಾಟು ಹೊಗೆ ಬರುತ್ತದೆ. ಬಾಗಿಲು ಕಿಟಕಿ ತೆರೆದಿಡಿ, ಬಗ್ಗಿ ನೋಡಬೇಡಿ. ಮೈಗೆ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಿರಿ. ವಿನೆಗರ್, ನಿಂಬೆರಸ ಹಚ್ಚುತ್ತಾ ಕೂರಬೇಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ವ್ಯವಸ್ಥೆ ಮಾಡಿ.

ಈ ಪಾತ್ರೆಯನ್ನು ತಣ್ಣೀರಿನ ಬೇಸಿನ್‌ನಲ್ಲಿ ಇಟ್ಟು ಉಗುರುಬೆಚ್ಚಗೆ, ಅಂದಾಜು 35 ಡಿಗ್ರಿಗೆ ಇಳಿಸಿ. ಪಕ್ಕದಲ್ಲೇ ಇರಿ.

4. ಕೂಡಿಸುವುದು

ಉಳಿದ ಎಣ್ಣೆಗಳನ್ನೆಲ್ಲ ಒಂದೇ ಪಾತ್ರೆಗೆ ಹಾಕಿ. ನಮ್ಮ ಕಡೆ ಬೇಸಿಗೆಯಲ್ಲಿ ಕೊಬ್ಬರಿ ಎಣ್ಣೆ ತಾನೇ ಕರಗಿರುತ್ತದೆ, ಚಳಿಗಾಲದಲ್ಲಿ ಮಾತ್ರ ತುಸು ಬೆಚ್ಚಗೆ ಮಾಡಿ. ಜೇಡಿ ಹಾಕುವುದಾದರೆ ಒಂದೆರಡು ಚಮಚ ಎಣ್ಣೆಯಲ್ಲಿ ಮೊದಲೇ ಕಲಸಿಕೊಳ್ಳಿ, ಒಣ ಪುಡಿ ಗಂಟು ಕಟ್ಟುತ್ತದೆ. ಕಾಸ್ಟಿಕ್ ನೀರನ್ನು ಎಣ್ಣೆಗೆ ನಿಧಾನಕ್ಕೆ ಬಿಡಿ. ಬ್ಲೆಂಡರ್ ಕೆಲವು ಸೆಕೆಂಡ್ ಓಡಿಸಿ, ನಿಲ್ಲಿಸಿ, ಕೈಯಿಂದ ಕಲಕಿ, ಮತ್ತೆ ಓಡಿಸಿ.

ಸ್ವಲ್ಪ ಹೊತ್ತಿನಲ್ಲಿ ತೆಳು ದೋಸೆ ಹಿಟ್ಟಿನ ಹದ ಬರುತ್ತದೆ. ಚಮಚದಿಂದ ಎಳೆ ಬಿಟ್ಟರೆ ಮೇಲೆ ಒಂದು ಕ್ಷಣ ಗೆರೆ ನಿಲ್ಲುತ್ತದೆ. ಸೋಪು ಮಾಡುವವರು ಇದಕ್ಕೆ ಟ್ರೇಸ್ ಅನ್ನುತ್ತಾರೆ. ಇನ್ನೂ ಗಟ್ಟಿ ಆಗಲು ಬಿಡಬೇಡಿ, ಬಣ್ಣ ಕೂಡಲ್ಲ.

5. ಬಣ್ಣ ಹಾಕುವುದು

ಅರೆದಿಟ್ಟ ಹಸಿರನ್ನು ಅರ್ಧ ಹಾಕಿ, ಕಲಕಿ, ನೋಡಿ. ಸಾಲದಿದ್ದರೆ ಉಳಿದದ್ದು. "ಇನ್ನೊಂಚೂರು ಇರಲಿ" ಅಂತ ಮತ್ತಷ್ಟು ಇಂಡಿಗೊ ಸುರಿಯುವ ಚಪಲ ಬಂದೇ ಬರುತ್ತದೆ, ತಡೆದುಕೊಳ್ಳಿ. ಜಾಸ್ತಿ ಆದರೆ ಸೋಪಿನ ನೊರೆ ನೀಲಿ ಬರುತ್ತದೆ, ಬಿಳಿ ಟವೆಲ್ ಹಾಳು. ಮಿಗಿಸಿದ ಬಣ್ಣದಲ್ಲೂ ಎಣ್ಣೆ ಇದೆ, ಅದು ಲೆಕ್ಕಕ್ಕೆ ಸೇರಿದ್ದು. ಹಾಗಾಗಿ ಬಟ್ಟಲಲ್ಲಿ ಉಳಿಸಿದರೆ ಅಷ್ಟೇ ತೂಕದ ಶೇಂಗಾ ಎಣ್ಣೆ ಹಾಕಿಬಿಡಿ.

ಈಗ ಕಾಣುವ ಬಣ್ಣ ನಂಬಬೇಡಿ. ಹಸಿ ಸೋಪಿನ ಬಣ್ಣ ಒಣಗಿದಾಗ ಬೇರೆಯೇ ಆಗಿರುತ್ತದೆ. ನಾಲ್ಕು ವಾರ ಕಳೆದ ಮೇಲೆ ಮಾತಾಡಿ.

ಸುವಾಸನೆ ಹಾಕುವವರು ವೆನಿಲ್ಲಾ ಇರುವುದನ್ನು ಬಿಟ್ಟುಬಿಡಿ. ಅದರಲ್ಲಿನ ವೆನಿಲಿನ್ ಸೋಪನ್ನು ಕಂದು ಮಾಡುತ್ತದೆ. ಹಾಲು, ಜೇನು, ಬೆಲ್ಲ ಕೂಡ ಹಾಗೇ, ಸಕ್ಕರೆ ಅಂಶ ಬಿಸಿಗೆ ಕಂದಾಗುತ್ತದೆ. ಎಷ್ಟೋ ಜನ ಹಸಿರು ಹೋಯ್ತು ಅಂತ ಎಲೆಯನ್ನು ಬೈಯುತ್ತಾರೆ, ಕಳ್ಳ ಸೆಂಟಿನ ಬಾಟಲಿಯಲ್ಲಿರುತ್ತಾನೆ.

6. ಅಚ್ಚು ಮತ್ತು ತಂಪು

ಅಚ್ಚಿಗೆ ಸುರಿದ ಮೇಲೂ ಸೋಪು ಒಳಗೊಳಗೇ ಬಿಸಿ ಆಗುತ್ತದೆ. ನಡುವೆ ಜೆಲ್ಲಿ ತರ ಪಾರದರ್ಶಕವಾಗಿ ಕಾಣುವ ಹಂತಕ್ಕೆ ಜೆಲ್ ಅನ್ನುತ್ತಾರೆ. ನಡುಭಾಗ ಮಾತ್ರ ಜೆಲ್ ಆಗಿ ಅಂಚು ಹಾಗೇ ಉಳಿದರೆ, ಕತ್ತರಿಸಿದಾಗ ನಡುವೆ ದಟ್ಟ ಹಸಿರಿನ ವೃತ್ತ, ಸುತ್ತ ತೆಳು ಹಸಿರು. ಹೊರದೇಶದ ವಿಡಿಯೋಗಳಲ್ಲಿ ಕಂಬಳಿ ಹೊದಿಸಿ ಅನ್ನುತ್ತಾರೆ. ಅವರ ಊರಿನ ಚಳಿಗೆ ಅದು ಸರಿ. ನಮ್ಮ ಬೇಸಿಗೆಯಲ್ಲಿ ಕಂಬಳಿ ಹೊದಿಸಿದರೆ ಸೋಪು ಉಬ್ಬಿ ಬಿರುಕು ಬಿಡಬಹುದು. ಅಚ್ಚನ್ನು ಮುಚ್ಚಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ, ತಿನ್ನುವ ವಸ್ತುಗಳಿಂದ ದೂರ. ಮುಚ್ಚದಿದ್ದರೆ ಮೇಲೆ ಬಿಳಿ ಬೂದಿಯ ಪದರ ಕೂರುತ್ತದೆ. ಅಪಾಯ ಏನಿಲ್ಲ, ಹಸಿರು ಮಸುಕಾಗಿ ಕಾಣುತ್ತದೆ ಅಷ್ಟೇ. ಚಾಕುವಿನಿಂದ ಹೆರೆದರೆ ಹೋಗುತ್ತದೆ.

ಎರಡು ದಿನಕ್ಕೆ ಬಿಡಿಸಿ ಕತ್ತರಿಸಿ. ಬಿಡಿಸುವಾಗಲೂ ಗ್ಲೌಸ್ ಇರಲಿ. ಬೆರಳಿಗೆ ಮೆತ್ತಿದರೆ ಇನ್ನೊಂದು ದಿನ ಬಿಡಿ.

7. ಒಣಗಿಸುವುದು

ಇಲ್ಲಿ ಅಭ್ಯಾಸ ನಮ್ಮ ಕೈ ಹಿಡಿದು ದಾರಿ ತಪ್ಪಿಸುತ್ತದೆ. ಸಂಡಿಗೆ, ಶಾವಿಗೆ, ಮೆಣಸಿನಕಾಯಿ, ಏನೇ ಒಣಗಿಸಬೇಕಾದರೂ ನಾವು ಮಾಳಿಗೆ ಹತ್ತುತ್ತೇವೆ. ಸೋಪು ಮಾತ್ರ ಮಾಳಿಗೆಗೆ ಒಯ್ಯಬೇಡಿ. ಅಷ್ಟು ಕಷ್ಟಪಟ್ಟು ಕೂಡಿಸಿದ ಅನ್ನಾಟೊ ಹಳದಿ ನೇರ ಬಿಸಿಲಿಗೆ ಇಳಿದುಹೋಗುತ್ತದೆ, ಸೋಪು ನೀಲಿ ಬೂದು ಆಗುತ್ತದೆ. ಮೊರದಲ್ಲಿ ಬಟರ್ ಪೇಪರ್ ಹಾಸಿ, ಒಂದಕ್ಕೊಂದು ತಾಕದಂತೆ ಇಟ್ಟು, ತೆಳು ಹತ್ತಿ ಬಟ್ಟೆ ಮುಚ್ಚಿ, ಗಾಳಿ ಆಡುವ ಕತ್ತಲೆ ಕೋಣೆಯಲ್ಲಿಡಿ. ಕಬ್ಬಿಣದ ತಟ್ಟೆ ಬೇಡ. ವಾರಕ್ಕೊಮ್ಮೆ ಮಗುಚಿ. 4ರಿಂದ 6 ವಾರ. ನಮ್ಮ ಒಣ ಹವೆಗೆ ಎರಡೇ ವಾರಕ್ಕೆ ಗಟ್ಟಿ ಆದಂತೆ ಕಾಣುತ್ತದೆ, ಆದರೂ ಕಾಯಿರಿ.

ಆಮೇಲೆ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಳಸುವ ಒಂದು ಮಾತ್ರ ಹೊರಗಿರಲಿ.

ನಿಂತಿದೆಯೋ ಇಲ್ಲವೋ ಹೇಗೆ ತಿಳಿಯೋದು?

ಒಂದು ತುಂಡು ತೊಗೊಳ್ಳಿ. ಅರ್ಧಕ್ಕೆ ಅಡುಗೆಯ ಫಾಯಿಲ್ ಬಿಗಿಯಾಗಿ ಸುತ್ತಿ, ಅರ್ಧ ಬಿಡಿ. ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಫಾಯಿಲ್ ಬಿಚ್ಚಿದಾಗ ನಡುವೆ ಗೆರೆ ಎಳೆದ ಹಾಗೆ ಎರಡು ಬಣ್ಣ ಕಂಡರೆ ಬೆಳಕು ಬಣ್ಣ ತಿಂದಿದೆ ಅಂತ ಅರ್ಥ. ಗೆರೆ ಕಾಣದಿದ್ದರೆ ಗೆದ್ದಿರಿ. ಬರೀ ನುಗ್ಗೆ ಸೊಪ್ಪಿನ ಸೋಪಿಗೂ ಇದೇ ಪರೀಕ್ಷೆ ಮಾಡಿ ಪಕ್ಕದಲ್ಲಿಡಿ, ನಾನು ಇಷ್ಟೆಲ್ಲ ಯಾಕೆ ಬರೆದೆ ಅಂತ ಗೊತ್ತಾಗುತ್ತದೆ.

"ನನಗೆ ಬೇವಿನ ಎಲೆಯೇ ಬೇಕು"

ಬೇವಿನ ಮೇಲಿನ ನಂಬಿಕೆ ಬಿಡಿ ಅಂತ ನಾನು ಹೇಳಲ್ಲ. ಒಂದು ಉಪಾಯ ಇದೆ. ನೆರಳಲ್ಲಿ ಒಣಗಿಸಿದ ಎಲೆಯನ್ನು ಪುಡಿ ಮಾಡಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಅರ್ಧ ಕಿಲೋ ಎಣ್ಣೆಗೆ ಒಂದು ಟೀ ಚಮಚ ಹಾಕಿ. ಹಸಿ ಎಲೆ ಅರೆದು ಹಾಕಬೇಡಿ, ಅದರ ನೀರಿನಂಶ ಲೆಕ್ಕಕ್ಕೆ ಸಿಗಲ್ಲ, ಚೂರುಗಳು ಕಪ್ಪಾಗುತ್ತವೆ. ಜೊತೆಗೆ ಅದೇ ಕಾಲು ಟೀ ಚಮಚ ಇಂಡಿಗೊ. ಅನ್ನಾಟೊ ಎಣ್ಣೆ ಬೇಡ, ಆ 30 ಗ್ರಾಂ ಜಾಗಕ್ಕೆ ಮಾಮೂಲಿ ಶೇಂಗಾ ಎಣ್ಣೆ ಹಾಕಿ. ತಿಂಗಳಲ್ಲಿ ಎಲೆಯ ಹಸಿರು ಹೋಗಿ ಮಾಸಲು ಹಳದಿ ಉಳಿಯುತ್ತದೆ. ಆ ಹಳದಿ ಇಂಡಿಗೊ ಜೊತೆ ಸೇರಿ ಒಣಗಿದ ಕರಿಬೇವಿನ ತರದ ಹಸಿರಾಗುತ್ತದೆ. ಗಿಣಿ ಹಸಿರು ಅಲ್ಲ, ಆದರೆ ಸಗಣಿಯೂ ಅಲ್ಲ.

ಈಗಾಗಲೇ ಕಂದಾಗಿ ಕೂತಿರುವ ಹಳೆ ಸೋಪಿಗೆ ಮೇಲಿಂದ ಬಣ್ಣ ಹಾಕೋಕೆ ಆಗಲ್ಲ. ಎಸೆಯಲೂ ಬೇಡಿ. ಕಮಟು ವಾಸನೆ ಇಲ್ಲದಿದ್ದರೆ ಮೈ ತೊಳೆಯಲಿಕ್ಕೆ ಅದು ಮೊದಲಿನಷ್ಟೇ ಚೆನ್ನಾಗಿದೆ.